ಗಿಲ್ ಇಲ್ಲದ ಪೈಥಾನ್: ನಾಲ್ಕು ವಾರಾಂತ್ಯದ ಲೆಕ್ಕ

ಮೊದಲ ವಾರಾಂತ್ಯ

ಒಂದೇ ಫೋಟೊ ಎರಡು ಮೂರು ಕಡೆ ಕೂತಿದ್ದರೆ ಹುಡುಕಿಕೊಡುವ ಪುಟ್ಟ ಪ್ರೋಗ್ರಾಂ ಒಂದು ನನ್ನ ಹತ್ತಿರ ಇದೆ. ನಾನೇ ಪೈಥಾನ್ ಭಾಷೆಯಲ್ಲಿ ಬರೆದದ್ದು. ಫೋಲ್ಡರ್ ದೊಡ್ಡದಾದರೆ ಆಮೆ ನಡಿಗೆ. ಯಾಕಿಷ್ಟು ನಿಧಾನ ಅಂತ ಯಾರು ಕೇಳಿದರೂ ನನ್ನದು ಒಂದೇ ಉತ್ತರ: ಪೈಥಾನ್‌ನ ಗಿಲ್. ಕೆಲಸ ಹಂಚಿ ಒಟ್ಟಿಗೇ ಓಡಲಿ ಅಂತ ಎಷ್ಟು ಥ್ರೆಡ್, ಅಂದರೆ ಕೆಲಸದ ಎಳೆ, ಹುಟ್ಟಿಸಿದರೂ ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಬಹುದು, ಉಳಿದವು ಕಾಯಬೇಕು. ಆ ಬೀಗದ ಹೆಸರೇ ಗಿಲ್.

ಈಗ ಆ ನೆಪ ಕೈಬಿಟ್ಟಿದೆ. 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13ರಲ್ಲಿ ಗಿಲ್ ಇಲ್ಲದ ಬಿಲ್ಡ್ (ಬೇರೆಯಾಗಿ ಕಟ್ಟಿದ ಆವೃತ್ತಿ) ಪ್ರಯೋಗಕ್ಕೆ ಅಂತ ಸಿಕ್ಕಿತ್ತು. 2025ರ ಅಕ್ಟೋಬರ್‌ನಲ್ಲಿ 3.14 ಬಂದಾಗ ಆ ಪ್ರಯೋಗದ ಹಣೆಪಟ್ಟಿಯೂ ಹೋಯಿತು. ಹಾಕಿಕೊಂಡೆ. ಹೆಸರಿನ ಬಾಲಕ್ಕೆ ಒಂದು 'ಟಿ' ಅಂಟಿರುತ್ತದೆ, ಅಷ್ಟೇ ಗುರುತು.

ಪ್ರೋಗ್ರಾಂ ಓಡಿಸಿದ ಕೂಡಲೇ ಒಂದು ಎಚ್ಚರಿಕೆ ಬಂತು: ಇಂಥ ಮಾಡ್ಯೂಲ್ ಲೋಡ್ ಮಾಡಲು ಗಿಲ್ ಮತ್ತೆ ಆನ್ ಮಾಡಿದ್ದೇನೆ! ಚಿಕ್ಕ ಚಿತ್ರ ತೋರಿಸಲು ನಾನು ಬಳಸುತ್ತಿದ್ದ ಹಳೆಯ ಸಿ ಎಕ್ಸ್‌ಟೆನ್ಶನ್ (ಸಿ ಭಾಷೆಯಲ್ಲಿ ಬರೆದು ಪೈಥಾನ್‌ಗೆ ಜೋಡಿಸುವ ತುಣುಕು) ಅದಕ್ಕೆ ಕಾರಣ. ಗಿಲ್ ಇಲ್ಲದೆಯೂ ನಾನು ಸುರಕ್ಷಿತ ಅಂತ ಪ್ರತಿ ಎಕ್ಸ್‌ಟೆನ್ಶನ್ ತಾನೇ ಹೇಳಿಕೊಳ್ಳಬೇಕು. ಒಂದು ಹೇಳದಿದ್ದರೂ ಇಡೀ ಪ್ರೋಗ್ರಾಂಗೆ ಬೀಗ ವಾಪಸ್. ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದನ್ನು ಸೊನ್ನೆ ಮಾಡಿ ಬಲವಂತವಾಗಿ ತೆಗೆಸಬಹುದು. ಸುಮ್ನೆ ನೋಡೋಣ ಅಂತ ತೆಗೆಸಿದೆ. ಮೂರು ಸಲ ಓಡಿತು. ನಾಲ್ಕನೇ ಸಲ ಒಂದು ಮಾತೂ ಹೇಳದೆ ಸತ್ತಿತು. ಚಿಕ್ಕ ಚಿತ್ರದ ಭಾಗವನ್ನು ಸದ್ಯಕ್ಕೆ ಕಿತ್ತು ಪಕ್ಕಕ್ಕಿಟ್ಟೆ.

ಎರಡನೇ ವಾರಾಂತ್ಯ

ಈ ಸಲ ಗಿಲ್ ನಿಜವಾಗಿಯೂ ಇಲ್ಲ. ಫೈಲ್‌ಗಳ ಹ್ಯಾಶ್ (ಡೇಟಾದಿಂದ ತೆಗೆಯುವ ಬೆರಳಚ್ಚಿನಂಥ ಗುರುತು) ಲೆಕ್ಕ ಹಾಕುವ ಭಾಗಕ್ಕೆ ನಾಲ್ಕು ಥ್ರೆಡ್ ಕೊಟ್ಟೆ. ಹಳೆಯ ಪೈಥಾನ್‌ನಲ್ಲಿ ಅಷ್ಟೇ ಥ್ರೆಡ್‌ಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟೇ ಹೊತ್ತು!

ಡಾಕ್ಯುಮೆಂಟೇಶನ್ ತೆಗೆದು ನೋಡಿದರೆ ಉತ್ತರ ಅಲ್ಲೇ ಇತ್ತು. ಕೊಟ್ಟ ಡೇಟಾ 2047 ಬೈಟ್‌ಗಿಂತ ಜಾಸ್ತಿ ಇದ್ದರೆ ಹ್ಯಾಶ್ ಹಾಕುವ ಪೈಥಾನ್ ಮಾಡ್ಯೂಲ್ ಹ್ಯಾಶ್‌ಲಿಬ್ ಲೆಕ್ಕ ಮುಗಿಯುವವರೆಗೆ ಗಿಲ್ಲನ್ನು ಬಿಟ್ಟುಕೊಡುತ್ತದೆ. ಅಂದರೆ ಈ ಭಾಗ ಮೊದಲಿನಿಂದಲೂ ಒಟ್ಟೊಟ್ಟಿಗೇ ಓಡುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಇಷ್ಟು ದಿನ ಗಿಲ್ಲನ್ನು ಬೈದುಕೊಂಡು ಬಂದೆ.

ನಿಧಾನವಿದ್ದದ್ದು ಬೇರೆ ಕಡೆ. ಒಂದೇ ಥರ ಕಾಣುವ ಫೋಟೊಗಳನ್ನು ಜೋಡಿ ಜೋಡಿಯಾಗಿ ಹೋಲಿಸುವ ನನ್ನದೇ ಲೂಪ್, ಅಚ್ಚ ಪೈಥಾನ್. ಅದರ ಥ್ರೆಡ್‌ಗಳು ಗಿಲ್ ಇಲ್ಲದೆ ಓಡಿದಾಗ ಮಾತ್ರ ವೇಗ ಸಿಕ್ಕಿತು, ಚೆನ್ನಾಗಿಯೇ ಸಿಕ್ಕಿತು. ಒಂದೇ ಥ್ರೆಡ್ ಆದರೆ ಸ್ವಲ್ಪ ನಷ್ಟ. 3.14ರಲ್ಲಿ ಅದು ಸುಮಾರು 5ರಿಂದ 10 ಪರ್ಸೆಂಟ್ ಅಂತ ಪೈಥಾನ್ ತಂಡವೇ ಹೇಳುತ್ತದೆ. 3.13ರಲ್ಲಿ ಸುಮಾರು 40 ಇತ್ತು, ಯಾಕೆಂದರೆ ಕೋಡ್ ಓಡುತ್ತಲೇ ತನ್ನನ್ನು ಚುರುಕು ಮಾಡಿಕೊಳ್ಳುವ ಇಂಟರ್‌ಪ್ರಿಟರ್‌ನ ಭಾಗವನ್ನು ಆ ಬಿಲ್ಡ್‌ನಲ್ಲಿ ಆಫ್ ಮಾಡಿದ್ದರು.

ಮಧ್ಯೆ ಒಂದು ವಾರ ಕೋಡ್ ಮುಟ್ಟಲಿಲ್ಲ

ಹಳೆಯ ಚರ್ಚೆಗಳನ್ನು ಓದುತ್ತಾ ಕೂತೆ. ಗಿಲ್ ತೆಗೆಯುವ ಆಸೆ ಹೊಸದಲ್ಲ. 1990ರ ದಶಕದಲ್ಲೇ ಗ್ರೆಗ್ ಸ್ಟೈನ್ ಪ್ಯಾಚ್ ಮಾಡಿದ್ದರು. 2016ರ ಸುಮಾರಿಗೆ ಲ್ಯಾರಿ ಹೇಸ್ಟಿಂಗ್ಸ್ 'ಗಿಲೆಕ್ಟಮಿ' ಅಂತ ಇನ್ನೊಂದು ಪ್ರಯತ್ನ ಮಾಡಿದರು, ಗಿಲ್‌ಗೆ ಆಪರೇಷನ್ ಅನ್ನುವ ಅರ್ಥದಲ್ಲಿ. ಇಬ್ಬರೂ ಗಿಲ್ ತೆಗೆದರು. ಆದರೆ ಒಂದೇ ಥ್ರೆಡ್‌ನ ಪ್ರೋಗ್ರಾಂ ವಿಪರೀತ ನಿಧಾನವಾಯಿತು. ಒಂದು ಥ್ರೆಡ್‌ನ ವೇಗ ಕಡಿಮೆಯಾಗಬಾರದು ಅಂತ ಪೈಥಾನ್ ಹುಟ್ಟಿಸಿದ ಗೀಡೊ ವಾನ್ ರಾಸಮ್ 2007ರಲ್ಲೇ ಶರತ್ತು ಹಾಕಿದ್ದರು. ಅದನ್ನು ದಾಟುವುದೇ ಕಷ್ಟವಾಗಿತ್ತು.

ಸ್ಯಾಮ್ ಗ್ರಾಸ್ 2021ರಲ್ಲಿ ತೋರಿಸಿದ ಉಪಾಯ ನನಗೆ ಬಹಳ ಹಿಡಿಸಿತು. ಒಂದು ವಸ್ತುವನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಅಂತ ಪೈಥಾನ್ ಯಾವಾಗಲೂ ಎಣಿಸುತ್ತಿರಬೇಕು. ಗಿಲ್ ಇಲ್ಲದಿದ್ದರೆ ಪ್ರತಿ ಎಣಿಕೆಗೂ ದುಬಾರಿ ಅಟಾಮಿಕ್ ಲೆಕ್ಕ (ನಡುವೆ ಬೇರೆ ಥ್ರೆಡ್ ನುಗ್ಗಲಾಗದ ಲೆಕ್ಕ) ಬೇಕು. ಆದರೆ ಹೆಚ್ಚಿನ ವಸ್ತುಗಳನ್ನು ಹುಟ್ಟಿಸಿದ ಥ್ರೆಡ್ಡೇ ಬಳಸುತ್ತದೆ, ಅಲ್ವಾ? ಹಾಗಾಗಿ ಆ ಥ್ರೆಡ್‌ಗೆ ಅಗ್ಗದ ಲೆಕ್ಕ ಒಂದು, ಹೊರಗಿನವರಿಗೆ ಬೇರೆ ಲೆಕ್ಕ ಒಂದು. ಮನೆಯವರಿಗೆ ಹಿತ್ತಲ ಬಾಗಿಲು, ನೆಂಟರಿಗೆ ಮುಂಬಾಗಿಲು ಇದ್ದ ಹಾಗೆ.

ಇದೇ 2023ರಲ್ಲಿ ಪೆಪ್ 703, ಅಂದರೆ ಪೈಥಾನ್ ಬದಲಾಯಿಸುವ ಅಧಿಕೃತ ಪ್ರಸ್ತಾಪ, ಆಯಿತು. ಪೈಥಾನ್ ಬಗ್ಗೆ ಕೊನೆಯ ತೀರ್ಮಾನ ಮಾಡುವ ಐವರ ಸ್ಟೀರಿಂಗ್ ಕೌನ್ಸಿಲ್ ಒಪ್ಪಿತು, ಆದರೆ ಮೂರು ಹಂತ ಹಾಕಿತು: ಮೊದಲು ಪ್ರಯೋಗ, ಆಮೇಲೆ ಬೇಕಾದವರಿಗೆ ಅಧಿಕೃತ ಬೆಂಬಲ, ಕೊನೆಗೆ ಎಲ್ಲರಿಗೂ. ಕೈಕೊಟ್ಟರೆ ಹಿಂದೆಗೆಯುವ ಹಕ್ಕನ್ನೂ ಇಟ್ಟುಕೊಂಡಿತು. ಈಗ ಎರಡನೇ ಹಂತ. ಇಷ್ಟು ಅಂಜಿಕೆ ಯಾಕೆ ಅಂತ ಬೇಸರಪಡುವವರು ಇದ್ದಾರೆ. ಪೈಥಾನ್ 2ರಿಂದ 3ಕ್ಕೆ ದಾಟುವಾಗ ಹಳೆಯ ಕೋಡ್ ಓಡದೆ ಆದ ಒದ್ದಾಟ ನೆನಪಿರುವವರು ಹಾಗೆ ಕೇಳಲಾರರು.

ಮೂರನೇ ವಾರಾಂತ್ಯ

ಹೋಲಿಕೆ ಬೇಗ ಮುಗಿಯುತ್ತಿದೆ, ಆದರೆ ಕೊನೆಯ ಲೆಕ್ಕ ತಪ್ಪು. ಪ್ರತಿ ಸಲ ಬೇರೆ ಬೇರೆ ಸಂಖ್ಯೆ, ಯಾವಾಗಲೂ ಇರಬೇಕಾದ್ದಕ್ಕಿಂತ ಕಡಿಮೆ.

ಒಂದು ಇಡೀ ಸಂಜೆ ಪೈಥಾನನ್ನೇ ಅನುಮಾನಿಸಿದೆ. ತಪ್ಪು ನನ್ನದೇ. ಎಲ್ಲ ಥ್ರೆಡ್‌ಗಳೂ ಒಂದೇ ಡಿಕ್ಷನರಿಯಲ್ಲಿ (ಹೆಸರಿಗೊಂದು ಬೆಲೆ ಇಡುವ ಪೈಥಾನ್ ಪಟ್ಟಿ) ಎಣಿಕೆಗೆ ಒಂದೊಂದು ಕೂಡಿಸುತ್ತಿದ್ದವು. ಬರೆಯುವಾಗ ಅದು ಒಂದೇ ಸಾಲು. ನಡೆಯುವಾಗ ಮೂರು ಕೆಲಸ: ಓದು, ಕೂಡಿಸು, ವಾಪಸ್ ಬರೆ. ನಡುವೆ ಇನ್ನೊಂದು ಥ್ರೆಡ್ ನುಗ್ಗಿದರೆ ಒಂದು ಎಣಿಕೆ ಮಾಯ. ಡಿಕ್ಷನರಿಗೆ ಈಗ ಅದರದೇ ಪುಟ್ಟ ಬೀಗ ಇದೆ. ಅದು ಡಿಕ್ಷನರಿಯನ್ನು ಕೆಡದಂತೆ ಕಾಯುತ್ತದೆ, ನನ್ನ ಲೆಕ್ಕವನ್ನಲ್ಲ.

ಹಾಗಾದರೆ ಇಷ್ಟು ವರ್ಷ ಸರಿ ಬಂದದ್ದು ಹೇಗೆ? 3.10ರಿಂದೀಚೆಗೆ ಗಿಲ್ ಕೈ ಬದಲಾಯಿಸುವುದು ಲೂಪ್ ಹಿಂದಿರುಗುವಾಗ, ಫಂಕ್ಷನ್ ಕರೆಯುವಾಗ, ಇಂಥ ಕೆಲವೇ ಜಾಗಗಳಲ್ಲಿ. ಆ ಮೂರು ಕೆಲಸದ ನಡುವೆ ಅಂಥ ಜಾಗ ಇರಲಿಲ್ಲ. ಅದು ಭಾಷೆ ಕೊಟ್ಟ ಭರವಸೆ ಅಲ್ಲ, ನನ್ನ ಅದೃಷ್ಟ.

ಲಾಕ್ ಹಾಕಿದೆ. ಲೆಕ್ಕ ಸರಿಯಾಯಿತು, ಗಳಿಸಿದ್ದ ವೇಗ ಹೋಯಿತು. ಆಮೇಲೆ ಪ್ರತಿ ಥ್ರೆಡ್‌ಗೂ ಅದರದೇ ಕೌಂಟರ್ ಕೊಟ್ಟು ಕೊನೆಯಲ್ಲಿ ಒಟ್ಟು ಮಾಡಿದೆ. ಎರಡೂ ಬಂದವು.

ನಾಲ್ಕನೇ ವಾರಾಂತ್ಯ

ಪಕ್ಕಕ್ಕಿಟ್ಟಿದ್ದ ಎಕ್ಸ್‌ಟೆನ್ಶನ್‌ಗೆ ವಾಪಸ್ ಬಂದೆ. ಹೊಸ ಬಿಲ್ಡ್‌ಗೆ ಬೇರೆ ವೀಲ್ (ನೇರ ಹಾಕಿಕೊಳ್ಳುವಂತೆ ಸಿದ್ಧ ಮಾಡಿದ ಪ್ಯಾಕೇಜ್) ಕಟ್ಟಬೇಕು, ಹಳೆಯದು ನಡೆಯುವುದಿಲ್ಲ. ಆ ಎಕ್ಸ್‌ಟೆನ್ಶನ್ ನೋಡಿಕೊಳ್ಳುವವರಿಗೆ ಬರೆದು ಕೇಳಿದೆ. ವೀಲ್ ಕಟ್ಟುವುದು ಸುಲಭ, ಥ್ರೆಡ್ ಹಾಕಿ ಪರೀಕ್ಷೆ ಮಾಡಲು ಪುರುಸೊತ್ತಿಲ್ಲ ಅಂದರು. ಬಿಡುವಿನ ವೇಳೆಯಲ್ಲಿ ಬಿಟ್ಟಿ ಕೆಲಸ ಮಾಡುವವರು, ಏನಂತ ಒತ್ತಾಯಿಸುವುದು? ಪರೀಕ್ಷೆ ನಾನು ಮಾಡುತ್ತೇನೆ ಅಂದೆ.

ಅವರ ಟೆಸ್ಟ್‌ಗಳನ್ನು ಎಂಟು ಥ್ರೆಡ್‌ನಲ್ಲಿ ಓಡಿಸುತ್ತಿದ್ದೇನೆ. ಒಂದು ಬಿಟ್ಟು ಎಲ್ಲ ಪಾಸ್. ಆ ಒಂದು ಹತ್ತು ಸಲಕ್ಕೆ ಒಮ್ಮೆ ಬೀಳುತ್ತದೆ, ಪ್ರಿಂಟ್ ಹಾಕಿ ನೋಡಿದರೆ ಬೀಳುವುದೇ ಇಲ್ಲ.