ವಿಚಿಟಾದಿಂದ ತುಮಕೂರಿಗೆ ಬಂದ ಐಸ್ ಪೆಟ್ಟಿಗೆ

ಈ ಸಲ ರಜೆಗೆ ಊರಿಗೆ ಬಂದಾಗ ಸೂಟ್‌ಕೇಸ್ ತರಲಿಲ್ಲ. ಅದರ ಬದಲು ಒಂದು ಹಳೇ ಕೆಂಪು ಐಸ್ ಪೆಟ್ಟಿಗೆ ತಂದೆ. ಉದ್ದ, ಅಗಲ, ಎತ್ತರ ಮೂರೂ ಸೇರಿ 158 ಸೆಂಟಿಮೀಟರ್ ಒಳಗಿತ್ತು, ಹಾಗಾಗಿ ವಿಮಾನದವರು ತಕರಾರು ಮಾಡಲಿಲ್ಲ. ಒಳಗೆ ನನ್ನ ಬಟ್ಟೆ, ಅಮ್ಮನಿಗೆ ಬಾದಾಮಿ. ಕ್ಯಾತ್ಸಂದ್ರದ ಮನೆಯ ಜಗಲಿ ಮೇಲೆ ಇಳಿಸಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಇದಕ್ಕೆ ಸ್ಪೇರ್ ಸಿಗುತ್ತಾ?"

ಸಿಗುತ್ತೆ. ನಾನು ಅದನ್ನು ಹೊತ್ತು ತಂದಿದ್ದೇ ಅದಕ್ಕೆ.

ನಾನಿರುವುದು ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ. ಲಾಟೀನು, ಸ್ಟವ್ ಮಾಡುವ ಕೋಲ್ಮನ್ ಕಂಪನಿ ಬೆಳೆದ ಊರು ಅದು. ಅವರು 1954ರಲ್ಲಿ ಈ ಬಗೆಯ ಐಸ್ ಪೆಟ್ಟಿಗೆ ತಂದರು. ನನ್ನದು 54 ಕ್ವಾರ್ಟ್, ಅಂದರೆ ಸುಮಾರು 51 ಲೀಟರ್. ಹೊರಗೆ ಉಕ್ಕಿನ ತಗಡು, ಒಳಗೆ ಪ್ಲಾಸ್ಟಿಕ್ ತೊಟ್ಟಿ, ನಡುವೆ ಫೋಮ್. ಅಲ್ಲಿ ಬೇಸಿಗೆಯ ಶನಿವಾರಗಳಲ್ಲಿ ಜನ ಮನೆಯ ಹಳೇ ಸಾಮಾನನ್ನು ಗ್ಯಾರೇಜ್ ಮುಂದೆ ಹರಡಿ ಮಾರುತ್ತಾರೆ. ಹಾಗೆ ಒಬ್ಬ ಅಜ್ಜಿಯ ಮನೆ ಮುಂದೆ 15 ಡಾಲರಿಗೆ ಸಿಕ್ಕಿತು. ಅವರ ಯಜಮಾನರು ಮೀನು ಹಿಡಿಯಲು ಹೋಗುವಾಗ ಒಯ್ಯುತ್ತಿದ್ದರಂತೆ. ಚಿಲಕ ಇರಲಿಲ್ಲ. ಒಂದು ಕೀಲು ಮುರಿದಿತ್ತು. ನೀರು ಬಿಡುವ ತೂತಿನ ಮುಚ್ಚಳ ಕಳೆದುಹೋಗಿ, ಅಲ್ಲಿ ಬಟ್ಟೆ ತುರುಕಿದ್ದರು. ಒಳಗೆ ಮೀನಿನ ವಾಸನೆ.

ವಾಸನೆಗೆ ಅಡುಗೆ ಸೋಡಾ ಸಾಕಾಯಿತು. ನೀರಲ್ಲಿ ಕಲಸಿ ಬಳಿದು, ಒಂದು ರಾತ್ರಿ ಬಿಟ್ಟು ತೊಳೆದೆ. ಎರಡು ದಿನ ಮುಚ್ಚಳ ತೆರೆದು ಬಿಸಿಲಿಗಿಟ್ಟೆ.

ಕಷ್ಟ ಕೊಟ್ಟಿದ್ದು ಸ್ಕ್ರೂಗಳು. ಕೀಲಿನ ನಾಲ್ಕೂ ಸ್ಕ್ರೂ ತುಕ್ಕು ಹಿಡಿದು ತಗಡಿಗೆ ಅಂಟಿಕೊಂಡಿದ್ದವು. ಬಲ ಹಾಕಿ ತಿರುಗಿಸಿದರೆ ತಲೆಯ ಮೇಲಿನ ಸೀಳು ಸವೆದುಹೋಗುತ್ತದೆ. ಆಮೇಲೆ ಡ್ರಿಲ್ ಹಾಕದೆ ಬೇರೆ ದಾರಿಯಿಲ್ಲ. ರಾತ್ರಿ ಎಣ್ಣೆ ಬಿಟ್ಟು, ಬೆಳಗ್ಗೆ ಸ್ಕ್ರೂಡ್ರೈವರ್ ಇಟ್ಟು ಅದರ ಹಿಂಬದಿಗೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದೆ. ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಮೂರು ಬಂದವು. ನಾಲ್ಕನೆಯದು ಮೂರನೇ ದಿನ "ಕಿರ್" ಅಂತ ಸದ್ದು ಮಾಡಿ ಅಲುಗಿತು. ಆ ಸದ್ದು ಕೇಳಿದಾಗ ಆದ ಸಂತೋಷ ಹೇಳತೀರದು.

ಚಿಲಕ, ಕೀಲು, ಡ್ರೈನ್ ಮುಚ್ಚಳ ಎಲ್ಲ ಬಿಡಿಬಿಡಿಯಾಗಿ ತರಿಸಿದೆ. ಮೊದಲು ಬಂದ ಮುಚ್ಚಳ ತೂತಿಗೆ ಕೂರಲಿಲ್ಲ. ನಾನು ಹೊರಗಿನ ಅಳತೆ ಕೊಟ್ಟಿದ್ದೆ, ಬೇಕಾಗಿದ್ದು ಕೊಳವೆಯ ಒಳಗಿನ ಅಳತೆ. ಯಾರಾದರೂ ಈ ಕೆಲಸಕ್ಕೆ ಕೈ ಹಾಕಿದರೆ ಇದನ್ನು ನೆನಪಿಡಿ.

ಒಂದು ಮೂಲೆಯಲ್ಲಿ ಅಂಗೈಯಗಲದ ನೆಗ್ಗು ಇತ್ತು. ಅದನ್ನು ತುಮಕೂರಲ್ಲೇ ತೆಗೆಸೋಣ ಅಂತ ಟಿಂಕರಿಂಗ್ ಅಂಗಡಿಗೆ ಒಯ್ದೆ. ಅಲ್ಲಿನ ಹಿರಿಯರು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿದರು. "ಹಿಂದೆ ಫೋಮ್ ಇದೆ, ಸುತ್ತಿಗೆಗೆ ಜಾಗ ಇಲ್ಲ. ಹೊರಗಿಂದ ಎಳೆದರೆ ಹಳೇ ಪೇಂಟ್ ಏಳುತ್ತೆ. ಸುಮ್ನೆ ಬಿಡಿ" ಅಂದರು. ಬಿಟ್ಟೆ. ಆ ಕೆಂಪು ಬಣ್ಣ ಕಾರ್ಖಾನೆಯಲ್ಲಿ ಹಚ್ಚಿದ್ದು, ಉಳಿಯಲಿ. ಆದರೆ ಅವರು ಇನ್ನೊಂದು ತೋರಿಸಿದರು. ಮುಚ್ಚಳದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ನಾನು ಗಮನಿಸಿಯೇ ಇರಲಿಲ್ಲ. ಪಕ್ಕದ ಆಟೋ ಪಾರ್ಟ್ಸ್ ಅಂಗಡಿಯಿಂದ ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ತರಿಸಿ, ಅಳತೆಗೆ ಕತ್ತರಿಸಿ ಅಂಟಿಸಿದರು. ಒಂದು ಕಾಗದದ ಚೂರು ಇಟ್ಟು ಮುಚ್ಚಳ ಹಾಕಿ ಎಳೆದು ನೋಡಿದರು. ಸುತ್ತಲೂ ಬಿಗಿ. ಈಗ ಪೆಟ್ಟಿಗೆಗೆ ಅಮೆರಿಕದ ಚಿಲಕ, ತುಮಕೂರಿನ ರಬ್ಬರ್.

ಶನಿವಾರ ಸಂಜೆ ಹತ್ತು ಕೆಜಿಯ ಐಸ್ ಗಡ್ಡೆ ತಂದು ಇಟ್ಟೆವು. ಪುಡಿ ಐಸ್ ಬೇಗ ಕರಗುತ್ತದೆ, ಗಡ್ಡೆಯೇ ವಾಸಿ. ಒಂದು ಕೆಜಿ ಐಸ್ ಕರಗಲು ಬೇಕಾಗುವ ಶಾಖದಲ್ಲಿ ಒಂದು ಲೀಟರ್ ನೀರನ್ನು 0ಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಅಷ್ಟು ಶಾಖ ಒಳಗೆ ನುಗ್ಗದ ಹಾಗೆ ತಡೆಯುವುದೇ ಪೆಟ್ಟಿಗೆಯ ಕೆಲಸ. ಭಾನುವಾರ ಮಧ್ಯಾಹ್ನ ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಯಲ್ಲಿ ಮರದಡಿ ಕೂತು ತೆರೆದಾಗ ಗಡ್ಡೆ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಮಜ್ಜಿಗೆಯ ಚೊಂಬಿನ ಮೇಲೆಲ್ಲ ನೀರ ಹನಿ. ಅಮ್ಮ ಮೊಸರನ್ನ ಬಡಿಸುವ ಮೊದಲು ಒಳಗೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು. ಒಂದು ಕೋತಿ ಬಂದು ಚಿಲಕ ಎಳೆದು ನೋಡಿತು, ಬರಲಿಲ್ಲ.

ಪೆಟ್ಟಿಗೆಯನ್ನು ಊರಲ್ಲೇ ಬಿಟ್ಟು ಬಂದಿದ್ದೇನೆ. ಜೊತೆಗೆ ಇನ್ನೊಂದು ಚಿಲಕ, ಎರಡು ಡ್ರೈನ್ ವಾಷರ್, ಆರು ಸ್ಕ್ರೂ ಇರುವ ಕವರ್ ಕೊಟ್ಟೆ. ಅಪ್ಪ ಅದನ್ನು ಅಡುಗೆಮನೆಯ ಎರಡನೇ ಡ್ರಾಯರ್‌ನಲ್ಲಿಟ್ಟರು. ಅಮ್ಮನ ಮದುವೆ ಕಾಲದ ಕುಕ್ಕರ್‌ನ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಇಡುವುದೂ ಅಲ್ಲೇ.