ಗೊಂಬೆ ಪೆಟ್ಟಿಗೆಯಲ್ಲಿ ನವರಂಗ

ಸೆಪ್ಟೆಂಬರ್ ಬಂತೆಂದರೆ ಮೈಸೂರಿನಲ್ಲಿ ನಮ್ಮಂಥ ಹಕ್ಕಿ ಹುಚ್ಚಿನವರಿಗೆ ನಿದ್ದೆ ಕಮ್ಮಿ. ಬೆಳಿಗ್ಗೆ ಎದ್ದು ಕುಕ್ಕರಹಳ್ಳಿ ಕೆರೆಗೋ ಲಿಂಗಾಂಬುಧಿ ಕೆರೆಗೋ ಓಡುವುದೇ ಕೆಲಸ. ಬಾಲ ಕುಣಿಸುತ್ತಾ ಬೂದು ಸಿಪಿಲೆ ಬರುತ್ತದೆ, ಆಮೇಲೆ ಒಂದೊಂದಾಗಿ ಉಳಿದ ವಲಸೆ ಹಕ್ಕಿಗಳು. ಚಳಿ ಹಿಡಿದ ಮೇಲೆ ಹದಿನಾರು ಅನ್ನುವ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳೂ ಇಳಿಯುತ್ತವೆ. ಆದರೆ ಆ ವರ್ಷ ನನಗೆ ಸಿಕ್ಕ ಒಳ್ಳೆಯ ಹಕ್ಕಿ ಯಾವ ಕೆರೆಯದೂ ಅಲ್ಲ. ಪಕ್ಕದ ಮನೆಯ ಕಾರಿನ ಹಿಂದೆ ಕೂತಿತ್ತು.

ದಸರಾ ರಜ. ಕಾಫಿ ಕುಡಿಯುತ್ತಿದ್ದೆ. ಪಕ್ಕದ ಮನೆ ಆಂಟಿ ಕಾಂಪೌಂಡಿನ ಆಚೆಯಿಂದ ಕೂಗಿದರು.

"ಬೇಗ ಬಾರಪ್ಪಾ, ಯಾವುದೋ ಮಿಂಚುಳ್ಳಿ ಸತ್ತು ಬಿದ್ದಿದೆ!"

ಸತ್ತಿರಲಿಲ್ಲ, ಮಿಂಚುಳ್ಳಿಯೂ ಅಲ್ಲ. ಚಕ್ರದ ಪಕ್ಕ ಮೈ ಉಬ್ಬಿಸಿಕೊಂಡು ಕೂತಿದ್ದು ನವರಂಗ. ಹಸಿರು ಬೆನ್ನು, ಮಣ್ಣು ಬಣ್ಣದ ಎದೆ, ರೆಕ್ಕೆಯ ಮೇಲೆ ಹೊಳೆಯುವ ನೀಲಿ, ಬಾಲದ ಬುಡದಲ್ಲಿ ಕುಂಕುಮ ಚೆಲ್ಲಿದಂಥ ಕೆಂಪು. ಕಣ್ಣಿನ ಮೇಲೆ ದಪ್ಪ ಕಪ್ಪು ಪಟ್ಟಿ. ಬಾಲ ಮಾತ್ರ ಇದೆಯೋ ಇಲ್ಲವೋ ಅನ್ನುವಷ್ಟು ಮೋಟು. ಕಾಡಿನಲ್ಲಿ ಕೂಗು ಕೇಳಿ ಗಂಟೆಗಟ್ಟಲೆ ಹುಡುಕಿದರೂ ಮುಖ ತೋರಿಸದ ಹಕ್ಕಿ ಇಲ್ಲಿ ಕೈಗೆಟುಕುವ ದೂರದಲ್ಲಿ! ಮೇಲಿನ ಕಿಟಕಿ ಗಾಜಿಗೆ ಒಂದು ಸಣ್ಣ ಪುಕ್ಕ ಅಂಟಿತ್ತು. ಏನಾಗಿದೆ ಅಂತ ಗೊತ್ತಾಯಿತು.

ನವರಂಗ ಮಳೆಗಾಲದಲ್ಲಿ ಮರಿ ಮಾಡುವುದು ಹೆಚ್ಚಾಗಿ ಹಿಮಾಲಯದ ತಪ್ಪಲಿನಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ. ಮಳೆ ಮುಗಿದ ಮೇಲೆ ದಕ್ಷಿಣಕ್ಕೆ, ಶ್ರೀಲಂಕಾದವರೆಗೂ ಹೊರಡುತ್ತದೆ. ಹಾರುವುದು ರಾತ್ರಿ. ಅದಕ್ಕೇ ಅಕ್ಟೋಬರ್ ಸುಮಾರಿಗೆ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಸುಸ್ತಾಗಿ ಬಿದ್ದ ನವರಂಗಗಳು ಸಿಗುವುದು. ರಾತ್ರಿ ಹಾರುವ ಹಕ್ಕಿಗಳನ್ನು ದೀಪಗಳು ದಾರಿ ತಪ್ಪಿಸುತ್ತವೆ. ನಮ್ಮೂರಲ್ಲಂತೂ ಆಗ ದಸರಾ ದೀಪಾಲಂಕಾರ, ಕೇಳಬೇಕೇ?

ಆಂಟಿ ಆಗಲೇ ಚಮಚದಲ್ಲಿ ನೀರು ತಂದಿದ್ದರು. "ಬಾಯಿ ಒಣಗಿರುತ್ತೆ, ಪಾಪ." ಬೇಡ ಅಂದೆ. ಹಾಗೆ ಬಾಯಿಗೆ ಹುಯ್ದರೆ ಉಸಿರಿನ ಕೊಳವೆಗೆ ಹೋಗಿ ಹಕ್ಕಿಯೇ ಹೋಗಿಬಿಡಬಹುದು. ಅದಕ್ಕೆ ಬೇಕಾಗಿದ್ದು ಕತ್ತಲೆ ಮತ್ತು ನಿಶ್ಶಬ್ದ. ಗೊಂಬೆ ಕೂರಿಸಿದ್ದರಿಂದ ಖಾಲಿ ರಟ್ಟಿನ ಪೆಟ್ಟಿಗೆಗಳಿಗೆ ಬರವಿರಲಿಲ್ಲ. ಒಂದಕ್ಕೆ ತೂತು ಮಾಡಿ, ಹಳೇ ಪಂಚೆ ಹಾಸಿ, ಹಕ್ಕಿಯನ್ನು ಮೆಲ್ಲಗೆ ಒಳಗಿಟ್ಟೆವು. ರಜಕ್ಕೆ ಬಂದಿದ್ದ ಆಂಟಿಯ ಮೊಮ್ಮಗ ಸಾಕೋಣ ಅಂತ ಹಟ ಹಿಡಿದ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಕಣೋ, ಪೊಲೀಸರು ಬರ್ತಾರೆ ಅಂದೆ. ಪೊಲೀಸ್ ಅಂದಿದ್ದು ಕೆಲಸ ಮಾಡಿತು.

ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯೊಳಗೆ ಪರಪರ ಸದ್ದು. ಎಲ್ಲಿ ಬಿಡೋದು? ನಮ್ಮ ಹಿತ್ತಲಿಗೆ ಪೂರ್ತಿ ಟೈಲ್ಸ್. ಆಂಟಿಗೆ ಮಂಡಿನೋವು ಬಂದಾಗಿನಿಂದ ಅವರ ಹಲಸಿನ ಮರದಡಿ ಯಾರೂ ಗುಡಿಸಿರಲಿಲ್ಲ, ಒಣ ಎಲೆ ಮೊಣಕಾಲಷ್ಟು. ನೆಲದಲ್ಲಿ ಎಲೆ ಮಗುಚಿ ಹುಳ ಹೆಕ್ಕುವ ಹಕ್ಕಿಗೆ ಇದಕ್ಕಿಂತ ಒಳ್ಳೆ ಹೋಟೆಲ್ ಬೇಕಾ?

ಪೆಟ್ಟಿಗೆ ವಾರೆ ಮಾಡಿದೆವು. ಹೊರಗೆ ಕುಪ್ಪಳಿಸಿ ಸ್ವಲ್ಪ ಹೊತ್ತು ಸುಮ್ನೆ ನಿಂತಿತು. ಕೊಕ್ಕಿನಿಂದ ಒಂದು ಎಲೆ ಎತ್ತಿ ಪಕ್ಕಕ್ಕೆಸೆಯಿತು, ಇನ್ನೊಂದು, ಮತ್ತೊಂದು. ಎರೆಹುಳ ಸಿಕ್ಕಿತು. ನುಂಗಿದ್ದೇ ಬೇಲಿಯೊಳಗೆ ನುಗ್ಗಿತು, ರೆಕ್ಕೆಯ ಬಿಳಿ ಮಚ್ಚೆ ಒಂದು ಸಲ ಮಿಂಚಿತು, ಅಷ್ಟೇ. ಮುಂದೆ ಕೆಲವು ದಿನ ಸಂಜೆ ಆರರ ಸುಮಾರಿಗೆ ಅದೇ ಕಡೆಯಿಂದ ಎರಡೆಳೆ ಸಿಳ್ಳೆ ಕೇಳುತ್ತಿತ್ತು.

ಅಂದಿನಿಂದ ಆಂಟಿ ಯಾವ ಹಕ್ಕಿ ಕಂಡರೂ ನನಗೆ ಫೋನ್ ಮಾಡುತ್ತಾರೆ. ಹೋದ ವಾರ ಮೀಟಿಂಗಿನಲ್ಲಿದ್ದಾಗ ಕರೆದು ತೋರಿಸಿದ್ದು ಕೆಂಬೂತ.