ರೋಧ ಸೊನ್ನೆಯಾದ ಮೇಲೂ ಹರಳು ಮೈಕ್ರೋವೇವ್ ಹೀರುವುದೇಕೆ?

ತುಂಬಾ ತಂಪಾದಾಗ ವಿದ್ಯುತ್ ರೋಧವನ್ನೇ ಕಳೆದುಕೊಳ್ಳುವ ಅತಿವಾಹಕ ಹರಳುಗಳು ಮೈಕ್ರೋವೇವ್ ತರಂಗಗಳನ್ನು ಎಷ್ಟು ಹೀರುತ್ತವೆ ಎಂದು ಅಳೆಯುವುದು ನನ್ನ ಕೆಲಸ. ಹೇಳಿದೊಡನೆ ಕೇಳುತ್ತಾರೆ: ‘ರೋಧವೇ ಇಲ್ಲದ ವಸ್ತು ಹೀರುವುದಾದರೂ ಹೇಗೆ?’

ಸೊನ್ನೆಯಾಗುವುದು ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತಿಗೆ ಇರುವ ರೋಧ ಮಾತ್ರ. ಹರಳಿನಲ್ಲಿ ಜೋಡಿಗೂಡಿದ ಎಲೆಕ್ಟ್ರಾನುಗಳ ನಡುವೆ, ಶಾಖದಿಂದ ಜೋಡಿ ಮುರಿದ ಒಂಟಿ ಎಲೆಕ್ಟ್ರಾನುಗಳೂ ಇರುತ್ತವೆ. ನೇರ ವಿದ್ಯುತ್ತನ್ನು ಜೋಡಿಗಳೇ ಪೂರ್ತಿ ಹೊತ್ತುಬಿಡುತ್ತವೆ. ಒಳಗೆ ವಿದ್ಯುತ್ ಕ್ಷೇತ್ರವೇ ಇಲ್ಲದ್ದರಿಂದ ಒಂಟಿಗಳು ತೆಪ್ಪಗಿರುತ್ತವೆ. ತಂತಿ ಜೋಡಿಸಿ ಅಳೆದರೆ ಸಿಗುವುದು ಸೊನ್ನೆಯೊಂದೇ. ಆದರೆ ಜೋಡಿಗಳಿಗೂ ಜಡತ್ವವಿದೆ. ಸೆಕೆಂಡಿಗೆ ನೂರು ಕೋಟಿ ಸಲ ಅವನ್ನು ಹಿಂದೆಮುಂದೆ ಓಡಿಸಬೇಕೆಂದರೆ ಕ್ಷೇತ್ರ ಬೇಕೇ ಬೇಕು. ಅದೇ ಕ್ಷೇತ್ರ ಒಂಟಿಗಳನ್ನೂ ಎಳೆದಾಡುತ್ತದೆ, ಅವು ಡಿಕ್ಕಿ ಹೊಡೆದು ಹರಳನ್ನು ಬಿಸಿಮಾಡುತ್ತವೆ. ಹೀರಿಕೆ ಎಂದರೆ ಇದೇ.

ಹರಳು ಒಂದು ಮಿಲಿಮೀಟರ್ ಅಗಲದ ಕಪ್ಪು ಚೂರು. ಅದನ್ನು ನೀಲಮಣಿಯ ಕಡ್ಡಿಯ ತುದಿಗೆ ಚೂರೇ ಚೂರು ಗ್ರೀಸ್ ಹಚ್ಚಿ ಅಂಟಿಸಿ, ದ್ರವ ಹೀಲಿಯಂನಲ್ಲಿ ತಂಪಾದ ಲೋಹದ ಪೊಳ್ಳಿನೊಳಗೆ ಇಳಿಸುತ್ತೇವೆ. ಮೈಕ್ರೋವೇವ್ ಹಾಯಿಸಿದರೆ ಪೊಳ್ಳು ಗಂಟೆಯಂತೆ ಮೊಳಗುತ್ತದೆ. ಮೊಳಗು ಬೇಗ ಆರಿದರೆ ಹರಳು ಹೆಚ್ಚು ಹೀರಿತೆಂದು ಅರ್ಥ. ಸ್ವರ ಜಾರಿದರೆ ತರಂಗ ಹರಳಿನೊಳಗೆ ನುಗ್ಗುವ ಆಳ ಬದಲಾಗಿದೆ ಎಂದು ಅರ್ಥ. ಗ್ರೀಸೂ ಒಂದಿಷ್ಟು ಹೀರುತ್ತದೆ, ಹಾಗಾಗಿ ಹರಳಿಲ್ಲದೆ ಗ್ರೀಸ್ ಮಾತ್ರ ಹಚ್ಚಿದ ಕಡ್ಡಿಯನ್ನು ಮೊದಲು ಅಳೆಯದೆ ನಾನು ಯಾವ ಅಂಕಿಯನ್ನೂ ನಂಬುವುದಿಲ್ಲ.

ಸ್ವರದ ಈ ಜಾರುವಿಕೆ, ಜೋಡಿ ಮುರಿಯಲು ಎಲ್ಲ ದಿಕ್ಕಿನಲ್ಲೂ ಶಕ್ತಿ ಬೇಕೇ ಎಂಬ ದೊಡ್ಡದೊಂದು ವಾದವನ್ನೇ ತಿರುಗಿಸಿತು. 92 ಕೆಲ್ವಿನ್ (ಮೈನಸ್ 181 ಡಿಗ್ರಿ ಸೆಲ್ಸಿಯಸ್) ಸುಮಾರಿಗೆ ಅತಿವಾಹಕವಾಗುವ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್‌ನಲ್ಲಿ ಆ ಆಳ ಸುಮಾರು 150 ನ್ಯಾನೊಮೀಟರ್. ಜೋಡಿ ಮುರಿಯಲು ಎಲ್ಲ ದಿಕ್ಕಿನಲ್ಲೂ ಒಂದಿಷ್ಟು ಶಕ್ತಿ ತೆರಬೇಕಿದ್ದರೆ, ತೀರಾ ಕಡಿಮೆ ತಾಪದಲ್ಲಿ ಒಂಟಿಗಳೇ ಉಳಿಯಬಾರದು, ಆಳವೂ ಬದಲಾಗಬಾರದು. 1993ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಹಾರ್ಡಿ, ಬಾನ್ ಮತ್ತು ಸಂಗಡಿಗರು ಅಳೆದಾಗ ಅದು ಪ್ರತಿ ಕೆಲ್ವಿನ್‌ಗೆ ಸುಮಾರು 0.4 ನ್ಯಾನೊಮೀಟರ್‌ನಂತೆ ನೇರ ಗೆರೆಯಲ್ಲಿ ಏರುತ್ತಿತ್ತು. ಅಂದರೆ ಕೆಲವು ದಿಕ್ಕುಗಳಲ್ಲಿ ಜೋಡಿ ಮುರಿಯಲು ಶಕ್ತಿಯೇ ಬೇಕಿಲ್ಲ! ಆ ಗೆರೆಯನ್ನು ನೋಡಿದಾಗಲೆಲ್ಲ ನನಗೆ ಈಗಲೂ ರೋಮಾಂಚನವಾಗುತ್ತದೆ.

ಅದಕ್ಕೂ ಮೊದಲು ಅಳೆದ ಅನೇಕ ಮಾದರಿಗಳಲ್ಲಿ ಈ ಗೆರೆ ಕಾಣಲಿಲ್ಲ. ತಾಮ್ರದ ಜಾಗದಲ್ಲಿ ತುಸು ಸತು ಸೇರಿದರೂ ಗೆರೆ ಬಾಗುತ್ತದೆ. ಹೀಗಾಗಿ ಆ ಫಲಿತಾಂಶದ ಅರ್ಧ ಶ್ರೇಯವನ್ನು ನಾನು ಶುದ್ಧ ಹರಳು ಬೆಳೆಸಿದ ಕೈಗಳಿಗೆ ಕೊಡುತ್ತೇನೆ.